ಮೂರನೇ ದಿಬ್ಬದಲ್ಲಿ ನಿಲ್ಲುವ ಗಾಡಿ

ಚಳಿ ಕಾಲು ಕಿತ್ತಿತ್ತು, ಬಿಸಿಲು ಇನ್ನೂ ಕಚ್ಚಲು ಕಲಿತಿರಲಿಲ್ಲ. ಅಂಥ ದಿನಗಳ ಒಂದು ಬುಧವಾರ ಬೆಳಗ್ಗೆ, ಹಾಲಿನವನ ಸೈಕಲ್ಲು ಬೀದಿ ದಾಟಿ ಹೋದ ಹೊತ್ತಿಗೆ, ನಾನು ಅಂಗಡಿಯ ಶಟರನ್ನು ಅರ್ಧ ಎತ್ತಿದ್ದೆ. ಅದರ ಕೆಳಗಿನಿಂದ ಧೂಳು ಮೆತ್ತಿದ ಎರಡು ಬೂಟುಗಳು ಕಂಡವು. ಅವುಗಳ ಪಕ್ಕದಲ್ಲಿ ಹಲ್ಲು ಹಲ್ಲಿನ ಒಂದು ಟೈರು.

"ಮಾವ, ಪೂರ್ತಿ ಎತ್ತಿ. ಇದು ಮತ್ತೆ ಸತ್ತೋಯ್ತು!"

ದನಿಯಿಂದಲೇ ಗೊತ್ತಾಯಿತು, ಚಿಗರೆ. ಇಸ್ತ್ರಿ ಅಂಗಡಿಯವನ ಮಗಳು. ಮಣ್ಣಿನ ದಿಬ್ಬದ ಮೇಲಿಂದ ಗಾಡಿ ಹಾರಿಸುವುದನ್ನು ನೋಡಿ ಬೀದಿಯವರು ಇಟ್ಟ ಹೆಸರು ಅದು. ಅವಳ ಗಾಡಿಗೆ ದೀಪವಿಲ್ಲ, ಹಾರನ್ನಿಲ್ಲ, ಕೂರಲು ಹಲಗೆಯಷ್ಟು ಸೀಟು. ರಸ್ತೆಗೆ ತಕ್ಕದ್ದಲ್ಲವಾದ್ದರಿಂದ ಬೀದಿಯುದ್ದಕ್ಕೂ ತಳ್ಳಿಕೊಂಡು ಹೋಗಿ, ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಓಡಿಸುತ್ತಿದ್ದಳು. ಅಲ್ಲಿ ಸಾಲಾಗಿ ದಿಬ್ಬಗಳಿವೆ.

"ನಿನ್ನೆ ತಾನೆ ಕ್ಲೀನ್ ಮಾಡಿಕೊಟ್ಟಿದ್ದೆನಲ್ಲಮ್ಮ?"

"ಮಾಡಿದ್ರಿ. ಬೆಳಗ್ಗೆ ಒಂದೇ ಒದೆತಕ್ಕೆ ಸ್ಟಾರ್ಟ್ ಆಯ್ತು. ಮೊದಲನೇ ದಿಬ್ಬ ಹಾರ್ತು, ಎರಡನೇದು ಹಾರ್ತು. ಮೂರನೇದರ ಮೇಲೆ ಕೆಮ್ಮಿ ಕೆಮ್ಮಿ ನಿಂತೋಯ್ತು. ಭಾನುವಾರ ಹೀಗಾದ್ರೆ ನನ್ನ ಕಥೆ ಮುಗೀತು ಮಾವ."

ಭಾನುವಾರದ ಕಥೆ ಬೀದಿಗೆಲ್ಲ ಗೊತ್ತಿತ್ತು. ದೊಡ್ಡ ರೇಸ್ ತಂಡವೊಂದರ ಮ್ಯಾನೇಜರು ಅಂದು ಬಯಲಿಗೆ ಬಂದು ಓಡಿಸುವವರನ್ನೆಲ್ಲ ನೋಡಿ, ಒಬ್ಬರನ್ನು ಆರಿಸಿಕೊಂಡು ಹೋಗುವವರಿದ್ದರು. ಚಿಗರೆಯ ಅಪ್ಪ ಒಂದೇ ಮಾತು ಹೇಳಿಬಿಟ್ಟಿದ್ದ: ಭಾನುವಾರ ಗಾಡಿ ನಡುವೆ ನಿಂತರೆ ಸೋಮವಾರ ಅದನ್ನು ಮಾರುವುದು, ಮಗಳು ಬಂದು ಇಸ್ತ್ರಿ ಮೇಜಿನ ಮುಂದೆ ನಿಲ್ಲುವುದು. ಅವಳೂ ಜಂಬದಿಂದ "ಆಗ್ಲಿ" ಅಂದಿದ್ದಳು.

ನಾನು ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ಕಾರ್ಬೊರೇಟರ್ ಬಿಚ್ಚಿದೆ. ಅದು ಇಂಜಿನ್ನಿನ ಅಡುಗೆಮನೆ. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಬಡಿಸುವುದು ಅಲ್ಲೇ. ತಳದಲ್ಲಿ ಪೆಟ್ರೋಲು ನಿಲ್ಲುವ ಪುಟ್ಟ ಬಟ್ಟಲಿರುತ್ತದೆ. ಆ ಬಟ್ಟಲಿನಿಂದ ಪೆಟ್ರೋಲು ಮೇಲೇರುವ ಹಿತ್ತಾಳೆಯ ಜೆಟ್ಟಿನ ತೂತು ಸೂಜಿಯ ಮೊನೆಯಷ್ಟು ಸಣ್ಣದು. ಬಟ್ಟಲು ಕಳಚಿದಾಗ ತಳದಲ್ಲಿ ನಿನ್ನೆ ಕಂಡಿದ್ದೇ ಇಂದೂ ಕಂಡಿತು. ಬೆಳ್ಳಗಿನ ಲೋಳೆ, ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಉಂಡೆ. ಬಾಗಿಲ ಬೆಳಕಿಗೆ ಹಿಡಿದರೆ ಅದರಲ್ಲಿ ತುಸು ನೀಲಿ ಛಾಯೆಯೂ ಇದ್ದಂತೆ ತೋರಿತು. ನನ್ನ ಕಣ್ಣಿನ ದೋಷವಿರಬೇಕೆಂದು ಸುಮ್ಮನಾದೆ.

"ಪೆಟ್ರೋಲ್ ಸೋಸಿ ಹಾಕು ಅಂತ ಹೋದ ವಾರವೇ ಹೇಳಿದ್ದೆ."

"ಎಲ್ಲಿ ಸೋಸ್ತಾ ಕೂರ್ಲಿ ಮಾವ? ಎದ್ದರೆ ಬಯಲು, ಬಂದರೆ ಕೆಲಸ. ಡಬ್ಬ ಎತ್ತಿ ಸುರಿಯೋದೊಂದೇ ಗೊತ್ತು ನನಗೆ."

ಹೋದ ವಾರ ನಾನು ಆ ಮಾತು ಹೇಳುವಾಗ ಅವಳ ಅಪ್ಪನೂ ಅಂಗಡಿಯ ಬಾಗಿಲಲ್ಲೇ ಇದ್ದ. ಇಸ್ತ್ರಿಯಾದ ನನ್ನ ಅಂಗಿಗಳನ್ನು ತಂದಿದ್ದವನು, ಗಾಡಿ ಕಣ್ಣಿಗೆ ಬೀಳಬಾರದೆಂದು ಬೀದಿಯ ಕಡೆ ಮುಖ ಮಾಡಿ ನಿಂತಿದ್ದ.

"ಏನೋ ತಮ್ಮಾ, ಬೆಳಗ್ಗೆ ಬೆಳಗ್ಗೆಯೇ ಯಾರನ್ನ ಬಯ್ತಿದ್ದೀಯ?"

ಮೆಟ್ಟಿಲಿಳಿದು ಬಂದವಳು ನನ್ನ ಅಕ್ಕ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ವಾಸ. ಆಸ್ಪತ್ರೆಯಲ್ಲಿ ಹಿರಿಯ ನರ್ಸಾಗಿದ್ದು ನಿವೃತ್ತಳಾದವಳು. ಬೀದಿಗೆಲ್ಲ ಅವಳು ನರ್ಸಮ್ಮ. ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ಜನ ಮೊದಲು ಹತ್ತುತ್ತಿದ್ದುದು ನಮ್ಮ ಮೆಟ್ಟಿಲನ್ನೇ. ಒಗೆಯುವ ಕಲ್ಲನ್ನೇ ಹೊತ್ತೊಯ್ದ ಕಳ್ಳನನ್ನು ಅವಳು ಹಿಡಿದದ್ದು, ಅವನ ಬೆನ್ನಿಗೆ ಮುಲಾಮು ಹಚ್ಚುತ್ತಾ ಹಚ್ಚುತ್ತಾ. ಅಂಥ ಸಂಗತಿಗಳೆಲ್ಲ ನನಗೆ ಇಂದಿಗೂ ನೆನಪಿವೆ. ಅವಳ ಹಿಂದೆ ಚೀಲ ಹಿಡಿದುಕೊಂಡು ಓಡಾಡಿದವನು ನಾನೇ ತಾನೆ.

ಅಕ್ಕ ಕನ್ನಡಕ ಏರಿಸಿ ಬಟ್ಟಲನ್ನು ನೋಡಿದಳು. ಮೂಸಿದಳು. ಬೆರಳಿನಿಂದ ಆ ಲೋಳೆಯನ್ನು ಉಜ್ಜಿ ನೋಡಿದಳು.

"ಚಿಗರೆ, ನಿಂತ ಮೇಲೆ ಮತ್ತೆ ಯಾವಾಗ ಸ್ಟಾರ್ಟ್ ಆಗುತ್ತೆ?"

"ಅದೇ ವಿಚಿತ್ರ ಅಜ್ಜಿ. ನಾನು ಕೂತು ನೀರು ಕುಡಿದು ಎದ್ದು ಒದ್ದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತೆ. ಮತ್ತೆ ಕುಣಿಸಿದ್ರೆ ನಿಲ್ಲುತ್ತೆ."

ಅಕ್ಕ ನನ್ನ ಕಡೆ ತಿರುಗಿದಳು. ನಾನು ಹೇಳಿದೆ: "ಉಂಡೆ ಬಟ್ಟಲಿನ ತಳದಲ್ಲಿ ಮಲಗಿರುತ್ತೆ ಅಕ್ಕಾ. ಗಾಡಿ ಕುಣಿದಾಗ ಎದ್ದು ಜೆಟ್ಟಿನ ಬಾಯಿಗೆ ಅಂಟಿಕೊಳ್ಳುತ್ತೆ. ಇಂಜಿನ್ ಎಳೆದಷ್ಟೂ ಬಿಗಿಯಾಗುತ್ತೆ. ನಿಂತ ಮೇಲೆ ಎಳೆತವಿಲ್ಲವಲ್ಲ, ಕಳಚಿಕೊಂಡು ಕೆಳಗೆ ಬೀಳುತ್ತೆ. ಕಾಯಿಲೆ ಗೊತ್ತು, ಮದ್ದೂ ಗೊತ್ತು. ಇದು ಎಲ್ಲಿಂದ ಬರ್ತಿದೆ ಅನ್ನೋದೊಂದೇ ಗೊತ್ತಿಲ್ಲ."

ಅಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯವನು, ಬೀದಿಯವರ ಬಾಯಲ್ಲಿ ಕತ್ತರಿ, ಒಂದು ಬಿಳಿ ಹೊದಿಕೆಯನ್ನು ಬಾವುಟದಂತೆ ಬೀಸುತ್ತಾ ಒಳಗೆ ನುಗ್ಗಿದ. ಅವನ ನಾಲಿಗೆ ಅವನ ಕತ್ತರಿಗಿಂತ ಚುರುಕು.

"ಮೇಸ್ತ್ರಿ, ನಿಮ್ಮ ಅಂಗಡಿ ನಾತಕ್ಕೆ ನನ್ನ ಗಿರಾಕಿ ಓಡೋದ! ಅರ್ಧ ಮೀಸೆ ತೆಗೆದಿದ್ದೆ, ಇನ್ನರ್ಧ ಹೊತ್ಕೊಂಡೇ ಓಡೋದ. ಒಗೆದು ಬಂದ ಹೊದಿಕೆ ಇದು, ಮೂಸಿ ನೋಡಿ, ಪೆಟ್ರೋಲ್ ಬಂಕ್ ಹೊದ್ದ ಹಾಗಿದೆ!"

"ನನ್ನ ಅಂಗಡಿ ನಿನ್ನ ಪಕ್ಕದಲ್ಲಿ ಇವತ್ತು ಹುಟ್ಟಿತೇನೋ?" ಅಂದೆ.

ಕತ್ತರಿ ಆಗಲೇ ಬಟ್ಟಲಿಗೆ ಇಣುಕಿದ್ದ. "ಅಯ್ಯೋ, ಸಕ್ಕರೆ! ಯಾರೋ ಟ್ಯಾಂಕಿಗೆ ಸಕ್ಕರೆ ಹಾಕಿದ್ದಾರೆ. ಇದು ಹೊಟ್ಟೆಕಿಚ್ಚಿನ ಕೆಲಸ ಕಣಮ್ಮ."

ಅದೇ ಗಳಿಗೆಗೆ ಬಾಗಿಲಲ್ಲಿ ಬನ್ನು ಕಾಣಿಸಬೇಕೆ! ಬೇಕರಿಯವನ ಮಗ, ಚಿಗರೆಯ ಜೊತೆ ಅದೇ ಬಯಲಿನಲ್ಲಿ ಗಾಡಿ ಓಡಿಸುವವನು. ಭಾನುವಾರದ ಆಯ್ಕೆಗೆ ಅವನೂ ನಿಂತಿದ್ದ. ಗುಂಡು ಮುಖ, ಉಗುರಿನ ಸಂದಿಯಲ್ಲಿ ಮೈದಾ, ಕೈಯಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ.

"ಇನ್ನೂ ಸರಿ ಹೋಗಿಲ್ವೇನೇ? ನಾವಿಬ್ಬರೂ ಒಂದೇ ಬಂಕಿಂದ, ಒಂದೇ ಹೊತ್ತಿಗೆ ಡಬ್ಬ ತುಂಬಿಸ್ಕೊಂಡು ಬಂದಿದ್ದು. ನಂದು ಕುದುರೆ ಥರ ಓಡ್ತಿದೆ."

ಚಿಗರೆ ಅವನ ಉಗುರು ನೋಡಿದಳು, ಬಟ್ಟಲು ನೋಡಿದಳು. "ಓಡದೇ ಏನು! ನನ್ನದು ನಿಂತರೆ ನಿನ್ನದು ಓಡಲೇಬೇಕಲ್ಲ!" ಅಂದವಳೇ ಬೂಟು ಸದ್ದು ಮಾಡುತ್ತಾ ಹೊರಟುಹೋದಳು. ಬನ್ನು ಬ್ರೆಡ್ಡಿನ ಪೊಟ್ಟಣವನ್ನು ನನ್ನ ಬೆಂಚಿನ ಮೇಲಿಟ್ಟ. "ಬೆಳಗ್ಗೆ ಏನೂ ತಿಂದಿರಲ್ಲ ಅವಳು. ಕೊಟ್ಟುಬಿಡಿ ಮಾವ," ಎಂದು ಹೇಳಿ ತಲೆ ತಗ್ಗಿಸಿಕೊಂಡು ಹೋದ.

ಅಕ್ಕ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಅದರ ಬಾಯಿಯ ಸುತ್ತ ಬೆರಳಾಡಿಸುತ್ತಿದ್ದಳು. "ತಮ್ಮಾ, ಇಡೀ ಗಾಡಿ ಮಣ್ಣು. ಇದೊಂದು ಜಾಗ ಮಾತ್ರ ಒರೆಸಿ ಇಟ್ಟಿದ್ದಾರೆ ನೋಡು. ಚಿಗರೆ ಒರೆಸೋ ಪೈಕಿಯಾ?"

"ಮುಖ ಒರೆಸ್ಕೊಂಡ್ರೆ ಹೆಚ್ಚು," ಅಂದೆ.

ಮಾರನೆಯ ದಿನ, ಗುರುವಾರ, ಅಕ್ಕ ನನ್ನ ಕೈಗೆ ಎರಡು ಸೀರೆ ಕೊಟ್ಟು "ನಡಿ, ಇಸ್ತ್ರಿಗೆ ಕೊಟ್ಟು ಬರೋಣ" ಅಂದಳು. ಆ ಸೀರೆಗಳು ಇಸ್ತ್ರಿಯಾಗಿಯೇ ಇದ್ದವು. ಆದರೂ ಹೊತ್ತುಕೊಂಡು ಹೊರಟೆ.

ಚಿಗರೆಯ ಅಪ್ಪನನ್ನು ಬೀದಿಯವರು ಗರಿಗರಿ ಅನ್ನುತ್ತಿದ್ದರು. ಅವನ ಗಂಜಿಯ ಹದ ಅಂಥದ್ದು. ಅವನು ಕೊಟ್ಟ ಅಂಗಿಯನ್ನು ನೆಲದ ಮೇಲಿಟ್ಟರೆ ಮನುಷ್ಯನಿಲ್ಲದೆಯೂ ನಿಂತುಕೊಳ್ಳುತ್ತದೆ ಎಂದು ಕತ್ತರಿ ಹೇಳುವುದಿತ್ತು. ಮಡಿಕೆ ಬಿದ್ದ ಬಟ್ಟೆ ಅವನ ಕೈಯಿಂದ ಆಚೆ ಹೋದದ್ದನ್ನು ನಾನಂತೂ ಕಂಡಿಲ್ಲ. ಹೆಂಡತಿ ತಂಗಿಯ ಬಾಣಂತನಕ್ಕೆಂದು ಹೋಗಿದ್ದರಿಂದ ಆ ದಿನಗಳಲ್ಲಿ ಒಗೆತ, ಗಂಜಿ, ಇಸ್ತ್ರಿ ಎಲ್ಲವೂ ಅವನೊಬ್ಬನದೇ.

ನಾವು ಹೋದಾಗ ಅವನು ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಒಂದು ದಿಂಬಿನ ಚೀಲದ ಮೇಲೆ ಒತ್ತುತ್ತಿದ್ದ. ಪಕ್ಕದಲ್ಲಿ ನೀರು ಚಿಮುಕಿಸಿ ಸುತ್ತಿಟ್ಟ ಬಿಳಿ ಬಟ್ಟೆಗಳ ಬುಟ್ಟಿ. ಗಂಜಿ ಹಾಕಿ ಒಣಗಿಸಿದ ಬಟ್ಟೆ ಕಟ್ಟಿಗೆಯಾಗಿರುತ್ತದೆ. ಮತ್ತೆ ತೇವ ಮಾಡದೆ ಇಸ್ತ್ರಿ ಏರುವುದಿಲ್ಲ.

"ಬನ್ನಿ ಅಕ್ಕಾವ್ರೇ. ಏನು ಮೇಸ್ತ್ರಿ, ನಿಮ್ಮನ್ನೂ ಕರ್ಕೊಂಡು ಬಂದ್ರಾ?"

"ಇವನು ಚೀಲ ಹೊರೋದಕ್ಕೆ," ಅಂದಳು ಅಕ್ಕ. "ಮಗಳ ಗಾಡಿ ಕೆಟ್ಟಿದೆಯಂತಲ್ಲಪ್ಪ?"

ಅವನ ಮುಖ ಗಂಟಾಯಿತು. "ಆ ಗಾಡಿ ಹೆಸರು ನನ್ನ ಮುಂದೆ ಎತ್ಬೇಡಿ. ಹೋದ ವರ್ಷ ಹೆಗಲ ಮೂಳೆ ಮುರ್ಕೊಂಡು ಬಂದಾಗ ಪಟ್ಟಿ ಕಟ್ಟಿದವರು ನೀವೇ ಅಲ್ವಾ? ಕೆಟ್ಟರೆ ಕೆಡ್ಲಿ. ಒಳ್ಳೇದೇ ಆಯ್ತು."

ಅಷ್ಟರಲ್ಲಿ ಇಟ್ಟಿಗೆ ಗೂಡಿನ ಕಡೆಯಿಂದ ಗಾಳಿಯಲ್ಲಿ ಇಂಜಿನ್ನಿನ ಸದ್ದು ಬಂತು. ಏರಿತು, ಇಳಿಯಿತು, ಮತ್ತೆ ಏರಿತು. ಗರಿಗರಿಯ ಕೈ ನಿಂತಿತು. ಸದ್ದು ಕೆಮ್ಮಿ ಕೆಮ್ಮಿ ಆರಿಹೋಯಿತು. ನಾವು ಮೂವರೂ ಉಸಿರು ಹಿಡಿದೆವು. ಸ್ವಲ್ಪ ಹೊತ್ತಿನ ಮೇಲೆ ಇಂಜಿನ್ ಮತ್ತೆ ಗುರ್ ಎಂದಾಗಲೇ ಅವನು ಕೆಳಗೆ ನೋಡಿದ್ದು. ದಿಂಬಿನ ಚೀಲದ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರಕ್ಕೆ ಸರಿಯಾಗಿ ಕಂದು ಕಲೆ ಮೂಡಿತ್ತು. ಮೇಜಿನ ಕೆಳಗೆ ಅಂಥದೇ ಕಲೆಯ ಇನ್ನೂ ಎರಡು ಬಟ್ಟೆಗಳನ್ನು ಮುದುರಿ ತುರುಕಿದ್ದನ್ನು ಅಕ್ಕ ಕಣ್ಣಲ್ಲೇ ನನಗೆ ತೋರಿಸಿದಳು.

ಕೈ ತೊಳೆಯುವ ನೆಪದಲ್ಲಿ ನಾವು ಹಿತ್ತಿಲಿಗೆ ಹೋದೆವು. ತಂತಿಯ ತುಂಬ ಬಿಳಿ ಬಟ್ಟೆ, ಕಲ್ಲಿನ ಮೇಲೆ ಆರಿದ ಗಂಜಿಯ ದೊಡ್ಡ ಪಾತ್ರೆ, ಪಕ್ಕದಲ್ಲಿ ಬಿಳಿ ಬಟ್ಟೆ ಹೊಳೆಯಲೆಂದು ನೀಲಿ ಬೆರೆಸಿದ ನೀರಿನ ಬಕೆಟ್ಟು. ಮೆಟ್ಟಿಲ ಕೆಳಗೆ ಚಿಗರೆಯ ಪೆಟ್ರೋಲ್ ಡಬ್ಬ. ಹೊಸ ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಅಷ್ಟೇ ಚೊಕ್ಕಟವಾದ ಇನ್ನೊಂದು ಖಾಲಿ ಡಬ್ಬ.

ಕೊಡದೆಯೇ ವಾಪಸು ತಂದ ಸೀರೆಗಳನ್ನು ಹೊತ್ತು ಬರುವ ದಾರಿಯಲ್ಲಿ ನಾನು ಪಿಸುಗುಟ್ಟಿದೆ, "ಅಕ್ಕಾ, ಹೆತ್ತ ಅಪ್ಪನೇ…?"

"ಸೀರೆ ಮಣ್ಣಿಗೆ ತಾಗ್ತಿದೆ, ಎತ್ತಿ ಹಿಡಿ," ಅಂದಳು.

ಶುಕ್ರವಾರ ನಾನು ಕಾರ್ಬೊರೇಟರನ್ನು ಮತ್ತೊಮ್ಮೆ ಪೆಟ್ರೋಲಿನಲ್ಲಿ ತೊಳೆದು, ಜೆಟ್ಟಿನೊಳಗೆ ಗಾಳಿ ಊದಿ, ಟ್ಯಾಂಕನ್ನೂ ಖಾಲಿ ಮಾಡಿದೆ. ಅಕ್ಕ ಬೇಕರಿಗೆ ಹೋಗಿ ಬನ್ನುವಿನ ಪೆಟ್ರೋಲ್ ಡಬ್ಬವನ್ನು ತಂದಳು. ಏಕೆಂದು ಅವನು ಕೇಳಲೇ ಇಲ್ಲವಂತೆ, ಪೂರ್ತಿ ಡಬ್ಬ ಕೊಟ್ಟು ಕಳಿಸಿದನಂತೆ. ಅದನ್ನೇ ಟ್ಯಾಂಕಿಗೆ ಹಾಕಿದೆವು, ಯಾರದೆಂದು ಚಿಗರೆಗೆ ಹೇಳಲಿಲ್ಲ. ಅವಳು ಬಯಲನ್ನು ಸುತ್ತಿ ಸುತ್ತಿ ಪೆಟ್ರೋಲು ತೀರುವವರೆಗೆ ಓಡಿಸಿದಳು. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಕುಣಿಯುತ್ತಾ ಮನೆಗೆ ಹೋಗಿ ತನ್ನ ಡಬ್ಬದಿಂದ ತುಂಬಿಸಿಕೊಂಡು ಹೊರಟಳು. ಮೂರನೇ ದಿಬ್ಬದಲ್ಲಿ ಗಾಡಿ ನಿಂತಿತು.

ಬಟ್ಟಲು ಬಿಚ್ಚಿದರೆ ಮತ್ತದೇ ಲೋಳೆ. ಈ ಸಲ ಅದರಲ್ಲಿ ಕೂದಲಿಗಿಂತ ತೆಳ್ಳಗಿನ ಒಂದು ಬಿಳಿ ನೂಲೂ ಇತ್ತು. ಅಕ್ಕ ಮೇಲಿಂದ ತನ್ನ ಹಳೆಯ ಔಷಧಿ ಪೆಟ್ಟಿಗೆ ತರಿಸಿದಳು. ಕಂದು ಸೀಸೆಯಿಂದ ಗಾಯಕ್ಕೆ ಹಚ್ಚುವ ಅಯೋಡಿನ್ನನ್ನು ಒಂದು ತೊಟ್ಟು ಲೋಳೆಯ ಮೇಲೆ ಬಿಟ್ಟಳು. ನನ್ನ ಕಣ್ಣೆದುರಿಗೇ ಅದು ನೇರಳೆ ಹಣ್ಣಿನಂತೆ ಕಪ್ಪು ನೀಲಿಯಾಯಿತು.

"ಇದೇನು ಮಾಟ ಅಕ್ಕಾ?"

"ಮಾಟ ಅಲ್ಲ, ಸಾಕ್ಷಿ. ನಾಳೆ ಬೆಳಗ್ಗೆ ಎಲ್ಲರನ್ನೂ ಅಂಗಡಿಗೆ ಕರಿ. ಗರಿಗರಿಗೆ ಹೇಳು, ಕೆಂಡದ ಪೆಟ್ಟಿಗೆ ಬಿಟ್ಟು ಬರ್ಲಿ, ಇಲ್ಲಿ ಪೆಟ್ರೋಲ್ ಇರುತ್ತೆ. ಬನ್ನುಗೆ ಹೇಳು, ಒಂದು ಹಿಡಿ ಮೈದಾ, ಒಂದು ಹಿಡಿ ಸಕ್ಕರೆ. ಕತ್ತರಿಗೆ ಹೇಳು, ಒಗೆದು ಬಂದ ಹೊದಿಕೆ."

"ಕತ್ತರಿಗೆ ಹೇಳಿದ್ರೆ ಇಡೀ ಊರೇ ಬರುತ್ತೆ."

"ಬರ್ಲಿ ಬಿಡು. ಬೆಂಚು ಒರೆಸಿಡು."

ಶನಿವಾರ ಬೆಳಗ್ಗೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಗರೆ ಗಾಡಿಗೆ ಆತು ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಬನ್ನು ಅವಳಿಂದ ದೂರ, ಟೈರುಗಳ ರಾಶಿಯ ಮೇಲೆ ಕೂತಿದ್ದ. ಗರಿಗರಿ ಬಾಗಿಲಲ್ಲೇ ಬೀದಿಗೆ ಮುಖ ಮಾಡಿ ನಿಂತಿದ್ದ. ಕತ್ತರಿ ಮುಂದಿನ ಸಾಲಿನಲ್ಲಿದ್ದ.

ಅಕ್ಕ ಎರಡು ಗಾಜಿನ ಸೀಸೆಗಳಲ್ಲಿ ಪೆಟ್ರೋಲು ಹಾಕಿಸಿ ಬೆಂಚಿನ ಮೇಲೆ ಇಡಿಸಿದ್ದಳು.

"ಮೊದಲನೇದು ಕತ್ತರಿಯ ಸಕ್ಕರೆ," ಎಂದು ಒಂದು ಸೀಸೆಗೆ ಸಕ್ಕರೆ ಸುರಿದು ಕುಲುಕಿದಳು. "ನೋಡಿ, ಪೆಟ್ರೋಲ್‌ನಲ್ಲಿ ಸಕ್ಕರೆ ಕರಗಲ್ಲ. ಹರಳು ಹರಳಾಗೇ ತಳದಲ್ಲಿ ಕೂತಿದೆ. ನಮ್ಮ ಬಟ್ಟಲಲ್ಲಿ ಹರಳು ಇರಲಿಲ್ಲ. ಅಲ್ಲಿಗೆ ಸಕ್ಕರೆ ಕಥೆ ಮುಗೀತು."

"ನಾನು ಸುಮ್ನೆ ಒಂದು ಮಾತಿಗಂದೆ," ಅಂದ ಕತ್ತರಿ.

"ಎರಡನೇದು ಮೈದಾ. ಲೋಳೆಗೆ ಅಯೋಡಿನ್ ಬಿಟ್ಟರೆ ಕಪ್ಪು ನೀಲಿ ಆಯ್ತು. ಹಿಟ್ಟಿನ ಅಂಶ ಇದ್ರೆ ಹಾಗಾಗುತ್ತೆ. ಮೈದಾಗೆ ಬಿಟ್ಟರೂ ಆಗುತ್ತೆ." ಅವಳು ಒಂದು ಚಿಟಿಕೆ ಮೈದಾದ ಮೇಲೆ ತೊಟ್ಟು ಬಿಟ್ಟು ತೋರಿಸಿದಳು. ಅದೂ ಕಪ್ಪಾಯಿತು. ಜನ ಹಾ ಎಂದರು. ಬನ್ನು ಎದ್ದು ನಿಂತ.

"ಕೂತ್ಕೊಳ್ಳೋ. ನಿನಗೇನಾಗಿದೆ? ಮೈದಾನ ಪೆಟ್ರೋಲ್‌ಗೆ ಹಾಕಿದ್ರೆ ನೋಡಿ, ಒಣ ಧೂಳಾಗಿ ಕೂರುತ್ತೆ. ಬೆರಳಲ್ಲಿ ಉಜ್ಜಿದ್ರೆ ನುಣ್ಣನೆ ಪುಡಿ. ನಾನು ಬುಧವಾರ ಉಜ್ಜಿ ನೋಡಿದ್ದು ಜಾರುತ್ತಿತ್ತು, ಅಂಟುತ್ತಿತ್ತು. ಅದು ಹಸಿ ಹಿಟ್ಟಲ್ಲ, ಬೇಯಿಸಿದ್ದು. ಜೊತೆಗೆ ಅಯೋಡಿನ್ ಬಿಡೋ ಮೊದಲೇ ಅದರಲ್ಲಿ ಒಂಚೂರು ನೀಲಿ ಇತ್ತು. ಬೇಕರಿಯವರು ಬ್ರೆಡ್ಡಿಗೆ ನೀಲಿ ಹಾಕ್ತಾರಾ? ಅದೂ ಅಲ್ದೆ, ಶುಕ್ರವಾರ ಬೆಳಗ್ಗೆ ಚಿಗರೆ ಗಾಡಿ ನಿಲ್ಲದೆ ಓಡಿದ್ದು ಈ ಬನ್ನು ಕೊಟ್ಟ ಪೆಟ್ರೋಲ್‌ನಲ್ಲಿ."

ಚಿಗರೆ ತಟ್ಟನೆ ಬನ್ನುವಿನ ಕಡೆ ನೋಡಿದಳು. ಅವನು ತನ್ನ ಉಗುರುಗಳನ್ನು ನೋಡಿಕೊಂಡ.

"ಇಬ್ಬರದೂ ಒಂದೇ ಬಂಕು. ಅವನ ಡಬ್ಬ ಸರಿ, ಅವಳ ಡಬ್ಬ ಕೆಟ್ಟಿದ್ದು. ಅಂದ್ರೆ ಬಂಕು ಬಿಟ್ಟ ಮೇಲೆ, ಟ್ಯಾಂಕಿಗೆ ಬೀಳೋ ಮೊದಲು, ಅವಳ ಮನೆಯಲ್ಲೇ ಏನೋ ಆಗ್ತಿತ್ತು. ಬೇಯಿಸಿದ ಹಿಟ್ಟು, ನೀಲಿ, ಬಿಳಿ ನೂಲು. ಮೂರೂ ಒಂದೇ ಜಾಗದಲ್ಲಿ ಸಿಗೋದೆಲ್ಲಿ? ಗಂಜಿ ಹಾಕಿದ ಬಿಳಿ ಬಟ್ಟೆಯಲ್ಲಿ." ಅವಳು ಕತ್ತರಿಯ ಹೊದಿಕೆಯನ್ನು ಎತ್ತಿ ಹಿಡಿದಳು. "ಕತ್ತರಿ, ನನ್ನ ತಮ್ಮನ ಅಂಗಡಿ ನಿನ್ನ ಪಕ್ಕದಲ್ಲಿ ಇಷ್ಟು ವರ್ಷದಿಂದ ಇದೆ. ನಾತ ಈ ವಾರ ಮಾತ್ರ ಹೇಗೆ ಬಂತು? ಹೊದಿಕೆ ನಿನ್ನ ಅಂಗಡೀಲಿ ನಾತ ಕುಡಿದಿದ್ದಲ್ಲ. ಅದರ ಮೂಲಕ ಪೆಟ್ರೋಲನ್ನ ಸೋಸಿದ್ದಾರೆ."

ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಗರಿಗರಿಯ ಬೆನ್ನು ಅಲುಗಲಿಲ್ಲ.

"ಅಪ್ಪಾ?" ಚಿಗರೆ ಗಾಡಿ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಗಾಡಿ ಮಾರಿಸೋಕೆ ಹೀಗೆ ಮಾಡಿದ್ರಾ?"

"ಬಾಯಿ ಮುಚ್ಚೇ ಹುಚ್ಚಿ, ಮುಗಿಸೋಕೆ ಬಿಡು," ಅಂದಳು ಅಕ್ಕ. "ಗಾಡಿ ಕೆಡಿಸೋನು ಡಬ್ಬ ಉಜ್ಜಿ ಹೊಳೆಯೋ ಹಾಗೆ ಮಾಡ್ತಾನಾ? ಟ್ಯಾಂಕಿನ ಬಾಯಿಗೆ ಮಣ್ಣು ಬೀಳಬಾರದು ಅಂತ ದಿನಾ ಒರೆಸ್ತಾನಾ? ಕೆಟ್ಟರೆ ಒಳ್ಳೇದು ಅಂದೋನು ಗಾಡಿ ಸದ್ದು ನಿಂತ ಕೂಡಲೇ ಉಸಿರು ಹಿಡ್ಕೊಂಡು, ಕೈ ಕೆಳಗಿನ ಬಟ್ಟೆ ಸುಟ್ಟುಕೊಳ್ತಾನಾ? ಜನ್ಮದಲ್ಲಿ ಬಟ್ಟೆ ಸುಡದವನ ಮೇಜಿನ ಕೆಳಗೆ ಸುಟ್ಟ ಬಟ್ಟೆಗಳಿವೆ. ಎಲ್ಲಾ ಈ ವಾರದ್ದೇ. ಹೋದ ವಾರ ನನ್ನ ತಮ್ಮ, ಪೆಟ್ರೋಲ್ ಸೋಸಿ ಹಾಕು ಅಂತ ಈ ಹುಡುಗಿಗೆ ಹೇಳಿದ. ಇವಳು ಕಿವಿಗೆ ಹಾಕ್ಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬರು ಹಾಕ್ಕೊಂಡ್ರು. ಏನಪ್ಪಾ, ಸರಿನಾ?"

ಗರಿಗರಿ ನಿಧಾನವಾಗಿ ತಿರುಗಿದ. ವರ್ಷವಾದ ಮೇಲೆ ಮೊದಲ ಸಲ, ಎಲ್ಲರ ಎದುರಿಗೆ, ಆ ಗಾಡಿಯನ್ನು ಕಣ್ಣಿಟ್ಟು ನೋಡಿದ.

"ಆವತ್ತು ಅವಳು ಬಿದ್ದಿದ್ದು ಗಾಡಿ ಗಾಳಿಯಲ್ಲೇ ನಿಂತುಹೋಗಿ. ಪೆಟ್ರೋಲ್‌ನಲ್ಲಿ ಕಸ ಇತ್ತು ಅಂತ ಮೇಸ್ತ್ರಿನೇ ಹೇಳಿದ್ರು. ಓಡಿಸಬೇಡ ಅಂದ್ರೆ ಕೇಳ್ತಾಳಾ? ಕೇಳಲ್ಲ. ಕಸನಾದ್ರೂ ಇಲ್ದಂಗೆ ಮಾಡೋಣ ಅಂತ… ಬೆಳಗ್ಗೆ ಅವಳು ಏಳೋ ಮೊದಲು, ಒಲೆ ಹಚ್ಚೋಕೂ ಮುಂಚೆ, ಹಿತ್ತಿಲಲ್ಲಿ ಒಂದು ಡಬ್ಬದಿಂದ ಇನ್ನೊಂದಕ್ಕೆ ಸೋಸ್ತಿದ್ದೆ."

"ಅಲ್ಲಪ್ಪಾ, ಗಂಜಿ ಬಟ್ಟೆನೇ ಬೇಕಿತ್ತಾ?" ಎಂದು ನಾನು ಕೇಳಿಯೇಬಿಟ್ಟೆ.

ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮತ್ತೇನು ಮೇಸ್ತ್ರಿ, ಮಗಳ ಗಾಡಿಗೆ ಮನೇಲಿದ್ದ ಚಿಂದಿಲಿ ಸೋಸ್ಲಾ? ಬುಟ್ಟಿಯಲ್ಲಿದ್ದಿದ್ರಲ್ಲೇ ಒಳ್ಳೇದು ಆರಿಸಿದ್ದೆ. ಒಗೆದು, ನೀಲಿ ಹಾಕಿ, ಗಂಜಿ ಹಾಕಿ, ಒಣಗಿಸಿ, ನೀರು ಚಿಮುಕಿಸಿ ಇಟ್ಟಿದ್ದು. ಅದಕ್ಕಿಂತ ಚೊಕ್ಕಟ ಬಟ್ಟೆ ಈ ಊರಲ್ಲೇ ಇಲ್ಲ!"

ಮೊದಲು ನಕ್ಕವಳು ಚಿಗರೆ. ಅಳುತ್ತಲೇ ನಕ್ಕಳು. ಆಮೇಲೆ ಬನ್ನು, ಆಮೇಲೆ ಕತ್ತರಿ, ಆಮೇಲೆ ಇಡೀ ಅಂಗಡಿ. ಗರಿಗರಿ ಪೆಚ್ಚಾಗಿ ನಿಂತಿದ್ದವನು, "ನಗ್ತೀರೇನ್ರೋ" ಎನ್ನುತ್ತಾ ತಾನೂ ನಕ್ಕುಬಿಟ್ಟ.

ಅಕ್ಕ ಕೈಯೆತ್ತಿದಳು. "ಇನ್ನೊಂದು ಮಾತಿದೆ. ಒಣ ಗಂಜಿ ಬಟ್ಟೆಯಾಗಿದ್ರೆ ಇಷ್ಟು ತೊಂದರೆ ಆಗ್ತಿರಲಿಲ್ಲ. ಚಿಮುಕಿಸಿದ ನೀರಿಗೆ ಗಂಜಿ ಮೆತ್ತಗಾಗಿ, ಪೆಟ್ರೋಲ್ ಜೊತೆ ಹನಿ ಹನಿಯಾಗಿ ಇಳಿದು, ಬಟ್ಟಲಲ್ಲಿ ಉಂಡೆ ಕಟ್ತು. ತಮ್ಮಾ, ನೀನು ದಿನಾ ತೊಳೆದಿದ್ದು ಯಾವುದರಲ್ಲಿ?"

"ಪೆಟ್ರೋಲ್‌ನಲ್ಲೇ ಅಕ್ಕಾ. ಕಾರ್ಬೊರೇಟರನ್ನ ಇನ್ಯಾವುದರಲ್ಲಿ ತೊಳೀತಾರೆ?"

"ಪೆಟ್ರೋಲ್‌ಗೆ ಗಂಜಿ ಕರಗುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಗರಿಗರಿ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದಿದ್ದ. "ಸರಿಯಿರಿ ಮೇಸ್ತ್ರಿ. ಗಂಜಿ ಬಿಡಿಸೋದು ನನ್ನ ಕೆಲಸ. ಬಿಸಿನೀರು ಬೇಕು, ಮೂರು ಸಲ ಜಾಲಿಸಬೇಕು."

ಅಂದಿನ ದಿನವನ್ನು ನೆನೆದರೆ ಇವತ್ತೂ ನನಗೆ ಹಿಗ್ಗು. ನಾನು ಬಿಚ್ಚುತ್ತಾ ಹೋದೆ, ಅವನು ತೊಳೆಯುತ್ತಾ ಹೋದ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಗಾಳಿಗೆ ಇಟ್ಟು, ನಾತ ಹೋದ ಮೇಲೆ ಹಿತ್ತಿಲಿಗೆ ಒಯ್ದೆವು. ಬಿಸಿನೀರು ಹೊಯ್ದು ಅವನು ಅದನ್ನು ಮಗುವನ್ನು ಮೀಯಿಸುವಂತೆ ಆಚೆ ಈಚೆ ವಾಲಿಸಿ ಕುಲುಕಿದ. ಜೆಟ್ಟುಗಳನ್ನು ಲೋಟದ ಬಿಸಿನೀರಿನಲ್ಲಿ ನೆನೆಹಾಕಿ, ಒಂದೊಂದನ್ನೂ ಬೆಳಕಿಗೆ ಹಿಡಿದು ತೂತು ನೋಡಿದ. "ಇಷ್ಟು ಸಣ್ಣ ತೂತಾ? ಇದರಲ್ಲಿ ಉಸಿರಾಡ್ಕೊಂಡು ಅಷ್ಟೆತ್ತರ ಹಾರುತ್ತಾ?" ಎಂದು ಮಗಳನ್ನು ಕೇಳಿದ. ವರ್ಷದಿಂದ ಗಾಡಿಯ ಬಗ್ಗೆ ಒಂದು ಮಾತು ಕೇಳದವನಿಗೆ ಅವಳು ಇಡೀ ಇಂಜಿನ್ನಿನ ಪುರಾಣವನ್ನೇ ಹೇಳಿದಳು.

ಟ್ಯಾಂಕು ಒಣಗಬೇಕಿತ್ತು. ಅದನ್ನು ಬಟ್ಟೆ ಒಣಹಾಕುವ ತಂತಿಗೆ, ಬಾಯಿ ಕೆಳಗೆ ಮಾಡಿ, ಹಗ್ಗದಲ್ಲಿ ಕಟ್ಟಿ ತೂಗುಹಾಕಿದೆವು. ಒಂದು ಕಡೆ ಕತ್ತರಿಯ ಹೊದಿಕೆ, ಇನ್ನೊಂದು ಕಡೆ ನನ್ನ ಅಂಗಿ, ನಡುವೆ ಕೆಂಪು ಟ್ಯಾಂಕು ಬಿಸಿಲಿನಲ್ಲಿ ತೂಗುತ್ತಿತ್ತು. ಬನ್ನು ಒಂದು ಪೊಟ್ಟಣ ತಂದು ಚಿಗರೆಯ ಮುಂದೆ ಹಿಡಿದ. "ಬೇಯಿಸಿದ ಮೈದಾ. ನೀಲಿ ಹಾಕಿಲ್ಲ. ತಿಂತೀಯಾ?" ಅವಳು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು ಪೊಟ್ಟಣ ಕಿತ್ತುಕೊಂಡಳು. ರಾಜಿಯಾಯಿತು.

ಸಂಜೆ ಟ್ಯಾಂಕಿನೊಳಗೆ ಸ್ವಲ್ಪ ಪೆಟ್ರೋಲು ಹಾಕಿ ಜಾಲಿಸಿ ಚೆಲ್ಲಿ, ಉಳಿದ ತೇವವನ್ನೂ ಓಡಿಸಿದೆ. ಹೊಸ ಪೆಟ್ರೋಲನ್ನು ಸಣ್ಣ ತಂತಿಬಲೆಯ ಆಲಿಕೆಯಲ್ಲಿ ಸೋಸಿ ಹಾಕಿದೆ.

ಭಾನುವಾರ ಬಯಲಿನ ಅಂಚಿನಲ್ಲಿ ನಾನು, ಅಕ್ಕ, ಗರಿಗರಿ ಸಾಲಾಗಿ ನಿಂತಿದ್ದೆವು. ಅವನ ಮೈಮೇಲೆ ತಗಡಿನಂತಹ ಅಂಗಿ. ಚಿಗರೆ ಮೊದಲನೇ ದಿಬ್ಬ ಹಾರಿದಳು. ಎರಡನೆಯದು ಹಾರಿದಳು. ಮೂರನೆಯದು ಬರುವಾಗ ಅವನು ನನ್ನ ಮೊಣಕೈ ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಆ ಗುರುತು ಒಂದು ವಾರ ಇತ್ತು. ಗಾಡಿ ನೆಲ ಬಿಟ್ಟಿತು. ಸದ್ದು ಒಂದು ಎಳೆಯೂ ಕಡಿಯಲಿಲ್ಲ. ಆ ಕಡೆ ಇಳಿದು ಧೂಳೆಬ್ಬಿಸಿ ತಿರುವಿನಲ್ಲಿ ಮಾಯವಾಯಿತು.

"ಹಾರ್ತು," ಅಂದ ಗರಿಗರಿ. ಆಮೇಲೆ ಬಯಲಿಗೆಲ್ಲ ಕೇಳುವಂತೆ, "ಹಾರ್ತು ಕಣ್ರೋ! ನನ್ನ ಮಗಳು!" ಎಂದು ಕೂಗಿದ. ಕತ್ತರಿಯ ಹೊದಿಕೆಯೊಂದನ್ನು ಯಾವಾಗ ಹೆಗಲಿಗೆ ಹಾಕಿಕೊಂಡು ಬಂದಿದ್ದನೋ, ಅದನ್ನು ತಲೆಯ ಮೇಲೆ ಗಿರಗಿರನೆ ಬೀಸಿದ. ಗಂಜಿ ಪುಡಿಪುಡಿಯಾಗಿ ನಮ್ಮ ಮೇಲೆಲ್ಲ ಉದುರಿತು.

ಬನ್ನು ಕೊನೆಯ ಸುತ್ತಿನಲ್ಲಿ ಹುಲ್ಲಿನ ಹೊರೆಗಳಿಗೆ ಗುದ್ದಿ ಅವುಗಳೊಳಗೇ ಸೇರಿಕೊಂಡ. ಹೊರಗೆಳೆದಾಗ ನಗುತ್ತಿದ್ದ. ತಂಡದ ಮ್ಯಾನೇಜರು ಚಿಗರೆಯನ್ನೇ ಆರಿಸಿ, ಕೈ ಕುಲುಕಿ, "ಗಾಡಿಯನ್ನ ಇಷ್ಟು ಚೊಕ್ಕಟವಾಗಿ ಇಟ್ಟವರು ಯಾರು?" ಎಂದು ಕೇಳಿದರು. ಅವಳು ಅಪ್ಪನನ್ನು ಮುಂದೆ ತಳ್ಳಿದಳು. ಗರಿಗರಿ ನನ್ನ ಬೆನ್ನ ಹಿಂದೆ ಅಡಗಲು ನೋಡಿದ, ಅಕ್ಕ ಬಿಡಲಿಲ್ಲ.

ತಂಡದ ಲಾರಿ ಮಂಗಳವಾರ ಬೆಳಗ್ಗೆ ಬಂತು. ಗಾಡಿಯನ್ನು ಏರಿಸಿ ಹಗ್ಗ ಬಿಗಿದೆವು. ಗರಿಗರಿ ಎಲ್ಲರೂ ಮಾತು ಮುಗಿಸುವವರೆಗೆ ಕಾದು, ಕಂಕುಳಿನಿಂದ ಒಂದು ಬಿಳಿ ಬಟ್ಟೆ ತೆಗೆದು ಮೊದಲು ನನ್ನ ಕೈಗೆ ಕೊಟ್ಟ. "ಮೇಸ್ತ್ರಿ, ಇದರಲ್ಲಿ ಸೋಸಬಹುದಾ ನೋಡಿ."

ನಾನು ಮುಟ್ಟಿ ನೋಡಿದೆ. ಒಗೆದು ಒಗೆದು ಬೆಣ್ಣೆಯಾದ ಒತ್ತು ನೇಯ್ಗೆಯ ಹತ್ತಿ. ಚೆನ್ನಾಗಿ ಒಣಗಿತ್ತು. ಗಂಜಿಯಿಲ್ಲ, ನೀಲಿಯಿಲ್ಲ, ಇಸ್ತ್ರಿಯೂ ಇಲ್ಲ. ತುಂಬಾ ಸುಕ್ಕು.

"ಸರಿಯಾಗಿದೆ," ಅಂದೆ.

ಅವನು ಅದನ್ನು ಹಾಗೆಯೇ, ಮಡಿಸದೆ, ಮಗಳ ಕೈಗಿಟ್ಟ. ಅವಳು ಅದನ್ನು ಕತ್ತಿಗೆ ಸುತ್ತಿಕೊಂಡು ಲಾರಿ ಹತ್ತಿದಳು. ತಿರುವು ದಾಟುವವರೆಗೂ ಆ ಸುಕ್ಕುಬಟ್ಟೆ ಗಾಳಿಗೆ ಹಾರಾಡುವುದು ಕಾಣುತ್ತಿತ್ತು. ಗರಿಗರಿಯ ಕೈಯಿಂದ ಇಸ್ತ್ರಿಯಿಲ್ಲದ ಬಟ್ಟೆಯನ್ನು ಪಡೆದವಳು ಚಿಗರೆ ಒಬ್ಬಳೇ. ಅವಳು ನಮ್ಮ ಬೀದಿ ಬಿಟ್ಟು ಹೊರಟದ್ದು ಆ ಮಂಗಳವಾರ.